ಉಕ್ಕಿನ ಮನುಷ್ಯನೂ ಎರಡು ತುಂಡು ಬೆರಳೂ

ಅವನು ಲೋಕಕ್ಕೆ ಒಳ್ಳೆಯದು ಮಾಡಲೆಂದೇ ಹೊರಟವನು. ಕಾಲವನ್ನು ದಾಟಿ ಭವಿಷ್ಯಕ್ಕೆ ಹೋದ. ಅಲ್ಲಿ ಮನುಕುಲದ ಸರ್ವನಾಶವನ್ನು ಕಣ್ಣಾರೆ ಕಂಡ. ಜನರನ್ನು ಎಚ್ಚರಿಸಬೇಕೆಂದು ಹಿಂದಿರುಗುವಾಗ ಭಾರೀ ಕಾಂತಕ್ಷೇತ್ರವೊಂದಕ್ಕೆ ಸಿಕ್ಕಿದ. ಮೈಯೆಲ್ಲ ಉಕ್ಕಾಯಿತು, ಒಳಗಿನ ಮನಸ್ಸು ಮಾತ್ರ ಮನುಷ್ಯನದೇ ಆಗಿ ಉಳಿಯಿತು. ಊರಿಗೆ ಬಂದು ನಿಂತರೆ ಅವನನ್ನು ಕೇಳುವವರಿಲ್ಲ. ಹೇಳಬೇಕಾದ್ದನ್ನು ಹೇಳೋಣವೆಂದರೆ ಬಾಯಿ ಬಾರದು. ಕಂಡವರೆಲ್ಲ ಹಾಸ್ಯ ಮಾಡಿದರು. ಕೊನೆಗೆ ಸಿಟ್ಟು ನೆತ್ತಿಗೇರಿ, ಯಾರನ್ನು ಉಳಿಸಲು ಹೋಗಿದ್ದನೋ ಅವರ ಮೇಲೆಯೇ ಎರಗಿದ. ತಾನು ಕಂಡುಬಂದ ಸರ್ವನಾಶಕ್ಕೆ ತಾನೇ ಕಾರಣನಾದ!

ಇದು ಯಾವ ಪುರಾಣದ ಕಥೆಯೂ ಅಲ್ಲ. ಇಂಗ್ಲೆಂಡಿನ ‘ಬ್ಲ್ಯಾಕ್ ಸಬ್ಬತ್’ ತಂಡ 1970ರಲ್ಲಿ ಹೊರತಂದ ‘ಪ್ಯಾರನಾಯ್ಡ್’ ಧ್ವನಿಮುದ್ರಿಕೆಯಲ್ಲಿರುವ ‘ಐರನ್ ಮ್ಯಾನ್’ ಹಾಡಿನ ಕಥೆ. ಅರ್ಧ ಮನುಷ್ಯ, ಅರ್ಧ ಲೋಹದ ಈ ಪಾತ್ರಕ್ಕೆ ಈಗ ಐವತ್ತು ವರ್ಷ ದಾಟಿದೆ. ಗಿಟಾರ್ ಹಿಡಿದ ಹುಡುಗರು ಮೊದಲು ಕಲಿಯುವ ನುಡಿಸಾಣಿಕೆಗಳಲ್ಲಿ ಇದರದ್ದೂ ಒಂದು. ಮಹಡಿಯ ಕೋಣೆಯಿಂದ ‘ಢಂ... ಢಂ...’ ಎಂದು ಗೋಡೆ ನಡುಗುವ ಸದ್ದು ಕೇಳಿ ಬೈದುಕೊಂಡ ತಂದೆತಾಯಿಗಳೂ ಕಡಿಮೆಯಿಲ್ಲ.

ಆ ಐರನ್ ಮ್ಯಾನ್ ಬೇರೆ

ಮಕ್ಕಳು ಒಂದು ಮಾತು ಗಮನಿಸಬೇಕು. ಸಿನಿಮಾದ ಐರನ್ ಮ್ಯಾನ್ ಇವನಲ್ಲ. ಅವನು 1963ರಲ್ಲಿ ಅಮೆರಿಕದ ಕಾಮಿಕ್ಸ್ ಪುಸ್ತಕದಲ್ಲಿ ಹುಟ್ಟಿದವನು. ಹಣವಂತ ಉದ್ಯಮಿ, ತನ್ನ ಲೋಹದ ಕವಚವನ್ನು ತಾನೇ ಮಾಡಿಕೊಂಡವನು. ಬೇಕಾದಾಗ ತೊಡುತ್ತಾನೆ, ಬೇಡವಾದಾಗ ಕಳಚಿಡುತ್ತಾನೆ. 2008ರ ಸಿನಿಮಾದ ಕೊನೆಯಲ್ಲಿ ಇದೇ ಹಾಡಿನ ಸಂಗೀತ ಬಳಸಿದ್ದರಿಂದ ಇಬ್ಬರೂ ಒಬ್ಬರೇ ಎಂದು ಅನೇಕರು ತಿಳಿದಿದ್ದಾರೆ. ಹಾಡಿನವನಿಗೆ ಕಳಚಿಡುವ ಭಾಗ್ಯವಿಲ್ಲ.

ಹಾಡು ಹುಟ್ಟಿದ್ದು ಹೀಗೆ: ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಒಂದು ಭಾರವಾದ, ನಿಧಾನಗತಿಯ ತುಣುಕನ್ನು ನುಡಿಸಿದರು. ದೊಡ್ಡ ಕಬ್ಬಿಣದ ಆಸಾಮಿಯೊಬ್ಬ ಹೆಜ್ಜೆ ಹಾಕುತ್ತಿರುವಂತಿದೆ ಎಂದರು ಗಾಯಕ ಓಝಿ ಆಸ್ಬರ್ನ್. ಆ ಮಾತು ಹಿಡಿದು ಗೀಝರ್ ಬಟ್ಲರ್ ಕಥೆ ಹೆಣೆದು ಸಾಹಿತ್ಯ ಬರೆದರು. ಡ್ರಮ್ಸ್ ಬಿಲ್ ವಾರ್ಡ್ ಅವರದು. ನಾಲ್ವರೂ ಬರ್ಮಿಂಗ್‌ಹ್ಯಾಮಿನವರು. ಕಾರ್ಖಾನೆಗಳ ಊರದು. ಓಝಿ ಕಾರಿನ ಹಾರ್ನ್‌ಗಳ ಶ್ರುತಿ ಪರೀಕ್ಷಿಸುವ ಕೆಲಸವನ್ನೂ ಮಾಡಿದವರು. ಯಂತ್ರದ ಸದ್ದಿನಲ್ಲೇ ಬೆಳೆದವರು ಕಬ್ಬಿಣದ ಮನುಷ್ಯನನ್ನು ಕಲ್ಪಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ?

ನಿಜವಾದ ಕಥೆ

ಆಶ್ಚರ್ಯ ಇರುವುದು ಬೇರೆ ಕಡೆ. ಆ ಹಾಡು ನುಡಿಸಿದ ಕೈಗಳನ್ನೊಮ್ಮೆ ನೋಡಿ.

1965ರ ಮಾತು. ಹದಿನೇಳರ ಹುಡುಗ ಅಯೋಮಿ ಲೋಹದ ತಗಡಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ಸಂಗೀತವನ್ನೇ ವೃತ್ತಿ ಮಾಡಿಕೊಳ್ಳಲು ಕೆಲಸ ಬಿಟ್ಟಿದ್ದ. ಅದು ಕಡೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲವೆಂದ. ಹಿಡಿದ ಕೆಲಸ ಮುಗಿಸಿ ಬಾ ಎಂದು ತಾಯಿ ಕಳಿಸಿದರು. ಅಂದು ತಗಡು ಒತ್ತುವ ಯಂತ್ರದವರು ಬಂದಿರಲಿಲ್ಲ. ಅಭ್ಯಾಸವಿಲ್ಲದ ಇವನನ್ನೇ ಅಲ್ಲಿ ನಿಲ್ಲಿಸಿದರು. ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿಗಳು ಹಾರಿಹೋದವು. ಇವನು ಎಡಗೈ ವಾದಕ. ತಂತಿ ಒತ್ತಬೇಕಾದದ್ದು ಆ ಬಲಗೈ ಬೆರಳುಗಳೇ!

ಇನ್ನು ಗಿಟಾರ್ ಮರೆತುಬಿಡು ಎಂದರು ವೈದ್ಯರು. ಹುಡುಗ ಕುಸಿದುಹೋದ. ಆಗ ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಒಂದು ಗ್ರಾಮಫೋನ್ ತಟ್ಟೆ ತಂದು, ಕೇಳು ಎಂದರು. ಗಿಟಾರಿನ ಹೆಸರೇ ಬೇಡ ಎನ್ನುತ್ತಿದ್ದವನು ಒಲ್ಲದ ಮನಸ್ಸಿನಿಂದ ಕೇಳಿದ. ವಾದನ ಅದ್ಭುತವಾಗಿತ್ತು. ನುಡಿಸಿದವರು ಜ್ಯಾಂಗೋ ರೈನ್‌ಹಾರ್ಟ್. 1928ರಲ್ಲಿ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳ ಸ್ವಾಧೀನ ತಪ್ಪಿದ ಮೇಲೂ ಯುರೋಪಿನ ಜಾಝ್ ಲೋಕವನ್ನು ಬೆರಗುಗೊಳಿಸಿದವರು. ಇದನ್ನು ತಿಳಿಸಿದ್ದೇ ತಡ, ಹುಡುಗ ಎದ್ದು ಕೂತ.

ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಉಂಡೆ ಮಾಡಿದ. ಕಾದ ಕಬ್ಬಿಣದಿಂದ ತೂತು ಕೊರೆದು, ಉಜ್ಜಿ, ದರ್ಜಿಗಳು ಬೆರಳಿಗೆ ಹಾಕುವ ಟೋಪಿಯಂಥದ್ದನ್ನು ತಯಾರಿಸಿದ. ತಂತಿ ಜಾರದಿರಲೆಂದು ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿದ. ಗಟ್ಟಿ ತಂತಿ ಒತ್ತಿದರೆ ನೋವು. ಅದಕ್ಕೆ ತೆಳುವಾದ ಬ್ಯಾಂಜೋ ತಂತಿ ಬಳಸಿದ. ಮುಂದೆ 1971ರ ಧ್ವನಿಮುದ್ರಿಕೆಯಲ್ಲಿ ತಂತಿಗಳ ಬಿಗಿ ಸಡಿಲಿಸಿ ಶ್ರುತಿಯನ್ನೇ ಇಳಿಸಿದ. ನಾದ ಇನ್ನಷ್ಟು ಗಾಢವಾಯಿತು. ‘ಹೆವಿ ಮೆಟಲ್’ ಎಂದು ಲೋಕ ಕರೆಯುವ ಸಂಗೀತದ ತೂಕ ಬಂದದ್ದರಲ್ಲಿ ಗಾಯಗೊಂಡ ಬೆರಳುಗಳ ಪಾಲೂ ಇದೆ.

ಎರಡು ದಾರಿ

ಮನುಷ್ಯ ಮತ್ತು ಯಂತ್ರ ಬೆರೆತ ಜೀವಿಗೆ ‘ಸೈಬಾರ್ಗ್’ ಎಂಬ ಹೆಸರನ್ನು ಇಬ್ಬರು ವಿಜ್ಞಾನಿಗಳು ಕೊಟ್ಟದ್ದು 1960ರಲ್ಲಿ. ಹೆಸರು ಕೇಳಿದರೆ ಭಯ. ಆದರೆ ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡ ಅಜ್ಜ, ಕಿವಿಯೊಳಗೆ ಉಪಕರಣ ಕೂರಿಸಿಕೊಂಡು ಮೊದಲ ಬಾರಿ ಅಮ್ಮನ ದನಿ ಕೇಳುವ ಮಗು, ಇವರೂ ಒಂದಿಷ್ಟು ಯಂತ್ರ ಬೆರೆತವರೇ ಅಲ್ಲವೇ? ಅವರನ್ನು ಕಂಡು ನಾವು ಹೆದರುವುದಿಲ್ಲ.

ಹಾಡಿನ ನಾಯಕನನ್ನು ರಾಕ್ಷಸನನ್ನಾಗಿ ಮಾಡಿದ್ದು ಅವನ ಮೈಯ ಉಕ್ಕಲ್ಲ; ಸುತ್ತಲಿನವರ ತಾತ್ಸಾರ. ಅಯೋಮಿಯ ಮೈಗೂ ಯಂತ್ರ ತಾಗಿತು. ಆದರೆ ಅವನ ಪಾಲಿಗೆ ಒಂದು ತಟ್ಟೆ ಹಿಡಿದು ಬಂದ ಒಬ್ಬ ಮನುಷ್ಯನಿದ್ದ. ತರಗತಿಯ ಮೂಲೆಯಲ್ಲಿ ಮಾತಿಲ್ಲದೆ ಕೂರುವ ಹುಡುಗ, ಬಾಗಿಲು ಹಾಕಿಕೊಂಡು ಜೋರಾಗಿ ಹಾಡು ಹಾಕುವ ಮಗಳು ಏನನ್ನೋ ಹೇಳಲು ಬಂದವರಿರಬಹುದು. ಸದ್ದು ಕಡಿಮೆ ಮಾಡು ಎನ್ನುವ ಮೊದಲು ಅದೇನು ಹಾಡು ಎಂದು ಕೇಳಿದರೆ ನಷ್ಟವೇನು?

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ನಾಲ್ವರೂ ಕೊನೆಯ ಬಾರಿ ಒಟ್ಟಿಗೆ ವೇದಿಕೆಯೇರಿದರು. ಪಾರ್ಕಿನ್ಸನ್ ಕಾಯಿಲೆಯಿಂದ ನಲುಗಿದ್ದ ಓಝಿ ಕುರ್ಚಿಯಲ್ಲಿ ಕೂತೇ ‘ಐರನ್ ಮ್ಯಾನ್’ ಹಾಡಿದರು. ಹದಿನೇಳು ದಿನಗಳ ನಂತರ, ಜುಲೈ 22ರಂದು ತೀರಿಕೊಂಡರು. ಆ ಸಂಜೆ ಗಿಟಾರ್ ಹಿಡಿದ ಅಯೋಮಿಗೆ ಎಪ್ಪತ್ತೇಳು. ಇನ್ನೆಂದೂ ನುಡಿಸಲಾಗದು ಎಂದು ವೈದ್ಯರು ಹೇಳಿ ಅರವತ್ತು ವರ್ಷವಾಗಿತ್ತು.