ಶ್ರೀದೇವಿ ಸಾವು: ಮೊದಲು ಹೃದಯಾಘಾತ, ಆಮೇಲೆ ಮುಳುಗಿ ಸಾವು, ಮಾತು ಬದಲಾಗಿದ್ದು ಯಾಕೆ?

ಫೆಬ್ರವರಿ 24 ಹತ್ತಿರ ಬಂದರೆ ಸಾಕು, ವಾಟ್ಸಾಪ್ ಗ್ರೂಪ್‌ಗಳಲ್ಲಿ ನಟಿ ಶ್ರೀದೇವಿ ಸಾವಿನ ಹಳೇ ಮೆಸೇಜ್‌ಗಳು ಮತ್ತೆ ಓಡಾಡೋಕೆ ಶುರುವಾಗುತ್ತವೆ. ಕೊಲೆ ಅಂತ ಒಬ್ಬರು, ಇನ್ಶೂರೆನ್ಸ್ ಹಣಕ್ಕಾಗಿ ಅಂತ ಇನ್ನೊಬ್ಬರು. ಅಸಲಿಗೆ ದಾಖಲೆಯಲ್ಲಿ ಇರೋದೇನು?

ಅವತ್ತು ಆಗಿದ್ದೇನು?

‘ಭಕ್ತ ಕುಂಬಾರ’ದಲ್ಲಿ ಡಾ. ರಾಜ್‌ಕುಮಾರ್ ಜೊತೆ ಬಾಲನಟಿಯಾಗಿ ಕಾಣಿಸಿಕೊಂಡಿದ್ದ ಶ್ರೀದೇವಿಗೆ 2018ರಲ್ಲಿ 54 ವರ್ಷ. ಸಂಬಂಧಿಕರ ಮದುವೆಗೆಂದು ಯುಎಇಗೆ ಹೋಗಿದ್ದವರು ಫೆಬ್ರವರಿ 24ರ ರಾತ್ರಿ ದುಬೈನ ಹೋಟೆಲ್ ರೂಮಿನಲ್ಲಿ ಮೃತಪಟ್ಟರು. ಕುಟುಂಬದ ಕಡೆಯಿಂದ ಮೊದಲು ಬಂದ ಮಾತು ಹೃದಯಾಘಾತ. ಆದರೆ 26ರಂದು ದುಬೈ ಪೊಲೀಸರು ಬೇರೆಯದೇ ಹೇಳಿದರು: ಪ್ರಜ್ಞೆ ತಪ್ಪಿ, ಬಾತ್‌ಟಬ್‌ನ ನೀರಿನಲ್ಲಿ ಮುಳುಗಿ ಸಾವು. ಅನುಮಾನ ಹುಟ್ಟಿದ್ದೇ ಇಲ್ಲಿಂದ.

ಮಾತು ಬದಲಾಗಿದ್ದು ಯಾಕೆ?

ಮೊದಲನೆಯದು ಪರೀಕ್ಷೆಗೂ ಮುಂಚೆ ಮನೆಯವರು ಹೇಳಿದ್ದು. ಎರಡನೆಯದು ಪರೀಕ್ಷೆ ಆದಮೇಲೆ ಪೊಲೀಸರು ಹೇಳಿದ್ದು. ನಮ್ಮಲ್ಲೂ ಯಾರಾದರೂ ಬಾವಿಗೆ ಬಿದ್ದು ಸತ್ತರೆ ಠಾಣೆಯಲ್ಲಿ ಯುಡಿಆರ್ ದಾಖಲಾಗುತ್ತೆ, ಪೋಸ್ಟ್‌ಮಾರ್ಟಂ ಆಗುತ್ತೆ, ಆಮೇಲಷ್ಟೇ ಮೃತದೇಹ ಮನೆಯವರ ಕೈಗೆ. ದುಬೈನಲ್ಲಿ ಪೊಲೀಸರು ಪ್ರಕರಣವನ್ನು ಅಲ್ಲಿನ ಪಬ್ಲಿಕ್ ಪ್ರಾಸಿಕ್ಯೂಷನ್‌ಗೆ ಒಪ್ಪಿಸಿದರು. 27ರಂದು ಅದು ಆಕಸ್ಮಿಕ ಸಾವು ಅಂತ ಹೇಳಿ ಪ್ರಕರಣ ಮುಗಿಸಿತು. 28ಕ್ಕೆ ಮುಂಬೈನಲ್ಲಿ ಅಂತ್ಯಕ್ರಿಯೆ ನಡೆಯಿತು. ಈ ಮಧ್ಯೆ ಹೊರಬಂದ ಸರ್ಟಿಫಿಕೇಟ್‌ನಲ್ಲಿ ‘ಮುಳುಗಿ’ ಅನ್ನೋ ಇಂಗ್ಲಿಷ್ ಪದದ ಸ್ಪೆಲ್ಲಿಂಗ್ ತಪ್ಪಿತ್ತು. ಅದೂ ಗುಮಾನಿಗೆ ಉಪ್ಪು ಖಾರ ಹಚ್ಚಿತು.

ಒಂದಡಿ ನೀರಲ್ಲಿ ಮುಳುಗ್ತಾರಾ?

ಎಲ್ಲರೂ ಕೇಳೋ ಪ್ರಶ್ನೆ ಇದು. ಕೇರಳದ ಹಿರಿಯ ಐಪಿಎಸ್ ಅಧಿಕಾರಿ ರಿಷಿರಾಜ್ ಸಿಂಗ್ ಕೂಡ 2019ರಲ್ಲಿ, ವಿಧಿವಿಜ್ಞಾನ ತಜ್ಞರಾಗಿದ್ದ ಸ್ನೇಹಿತರೊಬ್ಬರು ಹೇಳಿದ್ದು ಅಂತ ಇದೇ ಅನುಮಾನ ಬರೆದಿದ್ದರು. ಎಚ್ಚರ ಇದ್ದವರು ಎದ್ದು ಕೂರುತ್ತಾರೆ, ನಿಜ. ಆದರೆ ಪೊಲೀಸರ ಹೇಳಿಕೆಯಲ್ಲಿ ಮೊದಲು ಇರೋದೇ ‘ಪ್ರಜ್ಞೆ ತಪ್ಪಿ’ ಅನ್ನೋ ಮಾತು. ಮೂರ್ಛೆರೋಗ ಇದ್ದವರು ಮೊಣಕಾಲುದ್ದದ ಕಾಲುವೆ ನೀರಲ್ಲಿ ಬಿದ್ದು ಸಾಯೋದು ಹಳ್ಳಿಗಳಲ್ಲಿ ಗೊತ್ತಿರೋದೇ. ಮೂಗು, ಬಾಯಿ ಮುಳುಗುವಷ್ಟು ನೀರಿದ್ದರೆ ಸಾಕು.

ಪತಿ ಬೋನಿ ಕಪೂರ್ 2023ರ ಸಂದರ್ಶನದಲ್ಲಿ, ಶ್ರೀದೇವಿ ತೆಳ್ಳಗಿರಲು ಉಪ್ಪಿಲ್ಲದ ಊಟ ಮಾಡುತ್ತಿದ್ದರು, ಲೋ ಬಿಪಿ ಇತ್ತು, ಹಿಂದೆಯೂ ಕಣ್ಣು ಕತ್ತಲೆ ಬಂದು ಬಿದ್ದಿದ್ದುಂಟು ಎಂದಿದ್ದರು. ದುಬೈನಲ್ಲಿ ತಮ್ಮನ್ನು ಗಂಟೆಗಟ್ಟಲೆ ವಿಚಾರಣೆ ಮಾಡಿದರು, ಸುಳ್ಳು ಪತ್ತೆ ಪರೀಕ್ಷೆಯನ್ನೂ ಮಾಡಿದರು ಅಂತಲೂ ಹೇಳಿದ್ದರು. ಇದು ಅವರ ಮಾತು.

ಕೋರ್ಟ್ ಏನು ಹೇಳಿತು?

₹240 ಕೋಟಿ ಇನ್ಶೂರೆನ್ಸ್ ಇತ್ತು, ತನಿಖೆ ಮಾಡಿಸಿ ಅಂತ ಸಿನಿಮಾ ನಿರ್ಮಾಪಕರೊಬ್ಬರು ಸುಪ್ರೀಂ ಕೋರ್ಟ್‌ಗೆ ಹೋದರು. 2018ರ ಮೇ 11ರಂದು ಅರ್ಜಿ ವಜಾ ಆಯ್ತು. ಮೆಸೇಜ್‌ಗಳಲ್ಲಿ ಅರ್ಜಿದಾರರ ಆರೋಪ ಮಾತ್ರ ಇರುತ್ತೆ, ವಜಾ ಆದ ಸುದ್ದಿ ಇರೋದಿಲ್ಲ.

ಫಾರ್ವರ್ಡ್ ಮಾಡೋ ಮುಂಚೆ

ಯೂಟ್ಯೂಬ್‌ನಲ್ಲಿ ಈ ಸಾವಿನ ಬಗ್ಗೆ ‘ತನಿಖೆ’ ಮಾಡಿದ್ದೇನೆ ಎಂದ ಮಹಿಳೆಯೊಬ್ಬರು ಪ್ರಧಾನಿ, ರಕ್ಷಣಾ ಸಚಿವರ ಹೆಸರಿನ ಪತ್ರಗಳನ್ನು ತೋರಿಸಿದ್ದರು. ಆ ಪತ್ರಗಳು ನಕಲಿ ಎಂದು ಸಿಬಿಐ ಚಾರ್ಜ್‌ಶೀಟ್ ಹಾಕಿದ್ದು 2024ರ ಫೆಬ್ರವರಿಯಲ್ಲಿ ಸುದ್ದಿಯಾಯಿತು. ಅಂದರೆ ಸಾವಿನ ಪ್ರಕರಣ ನಾಲ್ಕು ದಿನಕ್ಕೇ ಮುಗಿದಿದ್ದರೂ ಅದರ ಸುತ್ತ ಹಬ್ಬಿದ ಕಾಗದಗಳೇ ಬೇರೆ ಕೇಸಾದವು.

ಅನುಮಾನ ಪಡೋದು ತಪ್ಪಲ್ಲ, ಪ್ರಶ್ನೆ ಕೇಳೋದೂ ತಪ್ಪಲ್ಲ. ಆದರೆ ಸೀಲು, ಸಹಿ ಇರೋ ಪತ್ರ ಮೊಬೈಲಿಗೆ ಬಂದ ಮಾತ್ರಕ್ಕೆ ಅದು ದಾಖಲೆ ಆಗಿಬಿಡಲ್ಲ. ಆಕೆಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಪ್ರತಿ ಫೆಬ್ರವರಿ ಈ ಮೆಸೇಜ್‌ಗಳು ಅವರ ಕಣ್ಣಿಗೂ ಬೀಳುತ್ತವೆ.