ಮೊಳಕೆ ರಾಗಿ ಹಿಟ್ಟು: ಒಮ್ಮೆಗೆ ಎರಡು ಕಿಲೋ ಸಾಕು

ರಾಗಿಯು ಮೈಸೂರು ಜಿಲ್ಲೆಯ ಖುಷ್ಕಿ ಬೇಸಾಯದ ಮುಖ್ಯ ಬೆಳೆಗಳಲ್ಲೊಂದು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ನಾಲೆ ಬಯಲಿನಲ್ಲಿ ಭತ್ತವೇ ಹೆಚ್ಚಾಗಿದ್ದರೂ, ನೀರು ಹತ್ತದ ಕೆಂಪು ಮಣ್ಣಿನ ಹೊಲಗಳಲ್ಲಿ ರಾಗಿ ಇಂದಿಗೂ ತನ್ನ ಸ್ಥಾನ ಉಳಿಸಿಕೊಂಡಿದೆ. ಸುಗ್ಗಿ ಮುಗಿದ ಮೇಲೆ ರೈತರು ಮನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಮಾರುತ್ತಾರೆ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅಂದರೆ ಕಿಲೋಗೆ 49 ರೂಪಾಯಿಗೂ ಕಡಿಮೆ. ಅದೇ ರೈತರ ಮನೆಯಲ್ಲಿ ಮಗುವಿಗೆ ಆರು ತಿಂಗಳು ತುಂಬಿದಾಗ ಪೇಟೆಗೆ ಹೋಗಿ ರಾಗಿ ಮಾಲ್ಟ್ ಪೊಟ್ಟಣವನ್ನು ಕೊಂಡು ತರುವುದನ್ನೂ ನಾವು ನೋಡುತ್ತೇವೆ. ಪೊಟ್ಟಣದ ಮೇಲಿನ ಬೆಲೆಯನ್ನು ಕಿಲೋ ಲೆಕ್ಕಕ್ಕೆ ತಿರುಗಿಸಿ ನೋಡಿದರೆ, ತಾವು ಮಾರಿದ್ದು ಎಷ್ಟಕ್ಕೆ, ಕೊಂಡದ್ದು ಎಷ್ಟಕ್ಕೆ ಎಂಬುದು ತಮಗೇ ತಿಳಿಯುತ್ತದೆ.

ಮೊಳಕೆ ರಾಗಿ ಹಿಟ್ಟನ್ನು ಮನೆಯಲ್ಲೇ ತಯಾರಿಸುವುದು ಕಷ್ಟದ ಕೆಲಸವಲ್ಲ. ನಮ್ಮ ಅಜ್ಜಿಯರು ‘ಸರಿ ಹಿಟ್ಟು’ ಎಂದು ಮಾಡುತ್ತಿದ್ದುದು ಹೆಚ್ಚು ಕಡಿಮೆ ಇದನ್ನೇ. ಆದರೆ ಹಲವರು ಒಂದೇ ಸಲಕ್ಕೆ ಮೂಟೆಗಟ್ಟಲೆ ಮಾಡಲು ಹೋಗಿ ಕೈಸುಟ್ಟುಕೊಳ್ಳುತ್ತಾರೆ. ಒಮ್ಮೆಗೆ ಎರಡು ಕಿಲೋ ಮಾತ್ರ ಮಾಡಿ, ಅದು ಮುಗಿಯುತ್ತ ಬಂದಾಗ ಮತ್ತೆ ಮಾಡುವುದೇ ಲೇಸು. ಇದಕ್ಕೆ ಕಾರಣಗಳನ್ನೂ ಕ್ರಮವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊಳಕೆಯಿಂದ ಆಗುವುದೇನು?

ರಾಗಿ ಕಾಳಿನ ಬಹುಭಾಗ ಪಿಷ್ಟ. ಕಾಳು ನೀರು ಕುಡಿದು ಮೊಳೆಯಲು ತೊಡಗಿದಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಎಳೆಯ ಸಸಿಗೆ ಆಹಾರ ಒದಗಿಸಲು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದು ಈ ಕಿಣ್ವದ ಕೆಲಸ. ಸರಿಯಾದ ಹಂತದಲ್ಲಿ ಮೊಳಕೆಯನ್ನು ಒಣಗಿಸಿ ನಿಲ್ಲಿಸಿದರೆ ಕಿಣ್ವ ಹಿಟ್ಟಿನಲ್ಲಿಯೇ ಉಳಿಯುತ್ತದೆ.

ಇದರಿಂದ ಮಗುವಿಗೆ ಆಗುವ ಲಾಭ ದೊಡ್ಡದು. ಸಾಮಾನ್ಯ ರಾಗಿ ಹಿಟ್ಟಿನ ಗಂಜಿ ಬೇಯುತ್ತಲೇ ಗಟ್ಟಿಯಾಗುತ್ತದೆ. ಮಗುವಿಗೆ ನುಂಗಲು ಆಗದೆಂದು ತಾಯಿ ನೀರು ಬೆರೆಸುತ್ತಾಳೆ. ಆಗ ಬಟ್ಟಲು ತುಂಬಿದಂತೆ ಕಂಡರೂ ಅದರಲ್ಲಿರುವ ಹಿಟ್ಟು ಕಡಿಮೆ. ಮಗುವಿನ ಸಣ್ಣ ಹೊಟ್ಟೆ ನೀರಿನಿಂದಲೇ ತುಂಬಿ, ಬೆಳವಣಿಗೆಗೆ ಬೇಕಾದ ಆಹಾರ ಸಿಗದೆ ಹೋಗುತ್ತದೆ. ಮೊಳಕೆ ಹಿಟ್ಟಿನ ಗಂಜಿ ಗಟ್ಟಿಯಾಗುವುದಿಲ್ಲ. ಆದುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮೊಳಕೆ ಬರಿಸಿದರೆ ಸುಣ್ಣದ ಅಂಶ ಹೆಚ್ಚುತ್ತದೆಂಬುದು ತಪ್ಪು ತಿಳಿವಳಿಕೆ. ಇರುವ ಸುಣ್ಣ ಮತ್ತು ಕಬ್ಬಿಣವನ್ನು ದೇಹಕ್ಕೆ ಹತ್ತದಂತೆ ಹಿಡಿದಿಡುವ ಫೈಟೇಟ್ ಮತ್ತು ಟ್ಯಾನಿನ್ ಅಂಶಗಳು ಕಡಿಮೆಯಾಗುತ್ತವೆ ಎಂಬುದು ಸರಿಯಾದ ಮಾತು.

1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಎಚ್.ಎಸ್.ಆರ್. ದೇಸಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿ ಅವರು ಈ ವಿಷಯವಾಗಿ ವಿಸ್ತಾರವಾದ ಸಂಶೋಧನೆ ನಡೆಸಿದರು. ಮೊಳಕೆ ರಾಗಿ ಮತ್ತು ಮೊಳಕೆ ಹೆಸರುಕಾಳನ್ನು ಬೆರೆಸಿದ ಶಿಶು ಆಹಾರವು ಈ ಕೆಲಸದ ಫಲ.

ಬಿಯರಿಗೂ ಇದೇ ಮೊದಲ ಮೆಟ್ಟಿಲು

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಬಿಯರ್ ಕಾರ್ಖಾನೆ ಇರುವುದು ಅನೇಕರಿಗೆ ಗೊತ್ತು. ಬಿಯರ್ ತಯಾರಿಕೆಯ ಮೊದಲ ಹೆಜ್ಜೆಯೂ ಧಾನ್ಯಕ್ಕೆ ಮೊಳಕೆ ಬರಿಸುವುದೇ. ಅಲ್ಲಿ ಬಾರ್ಲಿ, ಇಲ್ಲಿ ರಾಗಿ, ಇಷ್ಟೇ ವ್ಯತ್ಯಾಸ. ಮೊಳಕೆ ಧಾನ್ಯದ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಆಮೇಲೆ ಯೀಸ್ಟ್ ಎಂಬ ಸೂಕ್ಷ್ಮ ಜೀವಿ ಆ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಉಗಾಂಡ ದೇಶದ ತೇಸೋ ಜನರು ರಾಗಿಯಿಂದಲೇ ‘ಅಜೋನ್’ ಎಂಬ ಬಿಯರನ್ನು ಮನೆಯಲ್ಲಿ ಮಾಡುತ್ತಾರೆ. ನೇಪಾಳ, ಸಿಕ್ಕಿಂಗಳ ‘ತೋಂಗ್ಬಾ’ ಎಂಬ ಪಾನೀಯಕ್ಕೂ ರಾಗಿಯೇ ಮೂಲ, ಆದರೆ ಅಲ್ಲಿ ಬೇಯಿಸಿದ ಕಾಳನ್ನು ಹುದುಗಿಸುತ್ತಾರೆ. ಆಫ್ರಿಕದ ರಾಗಿ ನಮಗೆ ತೀರ ದೂರದ್ದೇನಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಹೊರತಂದ ಇಂಡಾಫ್ ತಳಿಗಳು ಭಾರತದ ಮತ್ತು ಆಫ್ರಿಕದ ರಾಗಿಗಳ ಸಂಕರದಿಂದಲೇ ಹುಟ್ಟಿದವು.

ನಮ್ಮ ರಾಜ್ಯದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಅಪರಾಧ. ಆದುದರಿಂದ ನಾವು ಮೊದಲ ಮೆಟ್ಟಿಲಿನಲ್ಲಿಯೇ ನಿಲ್ಲತಕ್ಕದ್ದು. ಆದರೆ ಮನೆಯಲ್ಲಿ ಬಿಯರ್ ಮಾಡುವ ದೇಶಗಳ ಜನರಿಂದ ಕಲಿಯಬೇಕಾದ ಪಾಠ ಒಂದಿದೆ. ಅವರು ಪ್ರತಿ ಸಲವೂ ಸ್ವಲ್ಪವೇ ಮಾಡುತ್ತಾರೆ, ನೀರು, ಹೊತ್ತು, ಬಿಸಿಯ ಲೆಕ್ಕ ಇಡುತ್ತಾರೆ, ಒಂದು ಸಲದ ತಪ್ಪನ್ನು ಮುಂದಿನ ಸಲ ತಿದ್ದಿಕೊಳ್ಳುತ್ತಾರೆ.

ಸಣ್ಣ ಪ್ರಮಾಣವೇ ಏಕೆ?

ಕೆಲವು ವರ್ಷಗಳ ಹಿಂದೆ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದಾಗ, ಅಲ್ಲಿನ ಹೆಣ್ಣುಮಕ್ಕಳು ಒಂದೇ ಸಲಕ್ಕೆ ನಲವತ್ತು ಕಿಲೋ ರಾಗಿ ನೆನೆಸಿ ಮೊಳಕೆ ಕಟ್ಟಿದ್ದರು. ಗೋಣಿಯ ಒಳಗೆ ಕೈ ಹಾಕಿದರೆ ಬಿಸಿ. ಹೊರ ಅಂಚಿನ ಕಾಳು ಮೊಳೆತೇ ಇರಲಿಲ್ಲ. ಹರಡಿದ ದಿನವೇ ಮೋಡ ಕವಿಯಿತು. ಮೂರನೆಯ ದಿನಕ್ಕೆ ಮುಗ್ಗಲು ವಾಸನೆ ಬಂದು ಎಲ್ಲವೂ ತಿಪ್ಪೆಗೆ ಹೋಯಿತು. ಅವರ ಶ್ರದ್ಧೆಯಲ್ಲಿ ಕೊರತೆ ಇರಲಿಲ್ಲ. ಪ್ರಮಾಣ ಹೆಚ್ಚಾಗಿತ್ತು, ಅಷ್ಟೆ. ಇದರ ಕಾರಣಗಳನ್ನು ಹೀಗೆ ವಿಂಗಡಿಸಬಹುದು.

ಒಂದು: ಮೊಳೆಯುವ ಕಾಳು ಉಸಿರಾಡುತ್ತದೆ, ಉಸಿರಾಡುವಾಗ ಬಿಸಿ ಹೊರಬರುತ್ತದೆ. ದೊಡ್ಡ ರಾಶಿಯ ನಡುವಿನ ಬಿಸಿ ಹೊರಹೋಗಲು ದಾರಿಯಿಲ್ಲ. ನಡುವಿನ ಕಾಳು ಬೆಂದಂತಾಗಿ ಕೊಳೆಯುತ್ತದೆ, ಮೇಲಿನದು ಒಣಗುತ್ತದೆ. ಎರಡು ಕಿಲೋ ಗಂಟಿನಲ್ಲಿ ಮೊಳಕೆ ಒಂದೇ ಸಮನಾಗಿ ಬರುತ್ತದೆ.

ಎರಡು: ಹಸಿ ಮೊಳಕೆಯ ತೂಕದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನೀರೇ ಇರುತ್ತದೆ. ಬೇಗ ಒಣಗದಿದ್ದರೆ ಬೂಷ್ಟು ಖಂಡಿತ. ಎರಡು ಕಿಲೋ ರಾಗಿಯನ್ನು ತೆಳುವಾಗಿ ಹರಡಲು ಒಂದು ಪಂಚೆ ಸಾಕು. ಮಳೆ ಬಂದರೆ ಎತ್ತಿ ಒಳಗೆ ಒಯ್ಯಬಹುದು. ನಲವತ್ತು ಕಿಲೋವನ್ನು ಎತ್ತುವವರು ಯಾರು?

ಮೂರು: ಹಿಟ್ಟು ಮಾಡಿದ ಮೇಲೆ ಅದರಲ್ಲಿರುವ ಎಣ್ಣೆಯ ಅಂಶ ಕ್ರಮೇಣ ಕೆಟ್ಟು ಕಮಟು ಬರುತ್ತದೆ. ಎರಡು ಕಿಲೋ ಹಿಟ್ಟು ಒಂದು ಮನೆಯಲ್ಲಿ ಸುಮಾರು ಒಂದು ತಿಂಗಳಿಗೆ ಮುಗಿಯುವುದರಿಂದ ಸದಾ ಹೊಸ ಹಿಟ್ಟು ಇರುತ್ತದೆ.

ನಾಲ್ಕು: ತಪ್ಪಾದರೆ ನಷ್ಟ ನೂರು ರೂಪಾಯಿಯ ರಾಗಿ ಮಾತ್ರ. ಯಂತ್ರ ಬೇಡ, ಸಾಲ ಬೇಡ.

ಸಣ್ಣ ಪ್ರಮಾಣದಲ್ಲಿ ಅನನುಕೂಲವೂ ಇಲ್ಲದಿಲ್ಲ. ಕಿಲೋವೊಂದಕ್ಕೆ ತಗಲುವ ಕೆಲಸ ಹೆಚ್ಚು. ಎರಡು ಕಿಲೋ ಬೀಸಿಕೊಡಲು ಗಿರಣಿಯವರು ಬೇಸರಪಡಬಹುದು. ಹಿಂದೆ ಬೀಸಿದ ಮೆಣಸಿನಕಾಯಿ ಪುಡಿ ಸೇರುವ ಭಯವೂ ಉಂಟು. ನೆರೆಹೊರೆಯ ಎರಡು ಮೂರು ಮನೆಯವರು ಒಂದೇ ದಿನ ಮೊಳಕೆ ಕಟ್ಟಿ, ಒಟ್ಟಾಗಿ ಗಿರಣಿಗೆ ಒಯ್ದು, ಮೊದಲು ಒಂದಿಷ್ಟು ಸಾಮಾನ್ಯ ರಾಗಿಯನ್ನು ಬೀಸಿಸಿ ಆಮೇಲೆ ಇದನ್ನು ಹಾಕಿಸುವುದು ಉತ್ತಮ.

ತಯಾರಿಸುವ ಕ್ರಮ

1. ಕಾಳಿನ ಆಯ್ಕೆ: ಮನೆಯ ಊಟಕ್ಕಿಟ್ಟ ಶುದ್ಧ ರಾಗಿಯನ್ನೇ ಬಳಸಿರಿ. ಬಿತ್ತನೆಗೆಂದು ಔಷಧ ಲೇಪಿಸಿದ ಬೀಜವನ್ನು ಯಾವ ಕಾರಣಕ್ಕೂ ಬಳಸಕೂಡದು. ಅದು ತೊಳೆದರೂ ಹೋಗದು. ಮೊದಲು ನೂರು ಕಾಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಎರಡು ದಿನಗಳಲ್ಲಿ ತೊಂಬತ್ತಕ್ಕಿಂತ ಕಡಿಮೆ ಮೊಳೆತರೆ ಆ ರಾಗಿಯನ್ನು ಮುದ್ದೆಗೆ ಬಳಸಿರಿ, ಮೊಳಕೆಗೆ ಬೇಡ.

2. ನೆನೆಸುವುದು: ಮಣ್ಣು, ಕಲ್ಲು, ಜೊಳ್ಳು ಹೋಗುವಂತೆ ಮೂರು ನಾಲ್ಕು ಸಲ ತೊಳೆಯಿರಿ. ಕುಡಿಯುವ ನೀರಿನಲ್ಲಿ ಸಂಜೆಯಿಂದ ಬೆಳಗಿನವರೆಗೆ, ಅಂದರೆ ಸುಮಾರು 12 ಗಂಟೆ ನೆನೆಸಿರಿ. ಮಲಗುವ ಮುನ್ನ ಒಮ್ಮೆ ನೀರು ಬದಲಾಯಿಸಬೇಕು.

3. ಮೊಳಕೆ ಕಟ್ಟುವುದು: ನೀರು ಪೂರ್ತಿ ಬಸಿದು, ಕುದಿಸಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಬಿದಿರು ಕುಕ್ಕೆಯಲ್ಲಿ ನೆರಳಿನಲ್ಲಿಡಿ. ಬೆಳಿಗ್ಗೆ, ಸಂಜೆ ಗಂಟು ಬಿಚ್ಚಿ, ಕಾಳನ್ನು ಮೇಲೆ ಕೆಳಗೆ ಮಾಡಿ, ಅಗತ್ಯವಿದ್ದಷ್ಟೇ ನೀರು ಚಿಮುಕಿಸಿರಿ. ಬೇಸಿಗೆಯಲ್ಲಿ 36 ಗಂಟೆ, ಚಳಿಗಾಲದಲ್ಲಿ 48 ಗಂಟೆ ಹಿಡಿಯಬಹುದು. ಬಿಳಿಯ ಬೇರು ಕಾಳಿನಷ್ಟೇ ಉದ್ದ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಆದಾಗ ನಿಲ್ಲಿಸಿರಿ. ಇನ್ನೂ ಬಿಟ್ಟರೆ ಸಸಿಯೇ ಹಿಟ್ಟನ್ನು ತಿಂದು ತೂಕ ಇಳಿಯುತ್ತದೆ.

4. ಒಣಗಿಸುವುದು: ಶುದ್ಧವಾದ ಬಟ್ಟೆಯ ಮೇಲೆ ತೆಳುವಾಗಿ ಹರಡಿ ಬಿಸಿಲಿನಲ್ಲಿ ಒಣಗಿಸಿರಿ. ರಸ್ತೆಯ ಮೇಲೆ ಹರಡಬಾರದು. ಕಚ್ಚಿದರೆ ಕಟಕ್ಕೆಂದು ಮುರಿಯಬೇಕು. ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಬೇರುಗಳನ್ನು ತೆಗೆಯಿರಿ. ಈ ಬೇರನ್ನು ದನಕ್ಕೆ ಹಾಕಬಹುದು.

5. ಬೆಚ್ಚಗೆ ಮಾಡುವುದು: ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಸ್ವಲ್ಪ ಸ್ವಲ್ಪವೇ ಹಾಕಿ ಕೈಯಾಡಿಸಿರಿ. ಘಮ ಬಂದೊಡನೆ ಇಳಿಸಬೇಕು. ಹುರಿಹಿಟ್ಟಿಗೆ ಹುರಿದಂತೆ ಕಂದು ಬಣ್ಣಕ್ಕೆ ಹುರಿದರೆ ರುಚಿ ಹೆಚ್ಚೀತು, ಆದರೆ ಕಿಣ್ವ ಸತ್ತು ಮೊಳಕೆ ಬರಿಸಿದ ಶ್ರಮವೇ ವ್ಯರ್ಥವಾಗುತ್ತದೆ.

6. ಬೀಸುವುದು: ಪೂರ್ತಿ ಆರಿದ ಮೇಲೆ ಬೀಸಿಸಿ, ಜರಡಿ ಹಿಡಿದು, ಒಣಗಿದ ಡಬ್ಬಿಯಲ್ಲಿ ಮುಚ್ಚಿಡಿ. ಡಬ್ಬಿಯ ಮೇಲೆ ತಾರೀಖು ಬರೆಯಿರಿ.

ನಮ್ಮ ಭಾಗದಲ್ಲಿ ಸಂಕ್ರಾಂತಿಯಿಂದ ಏಪ್ರಿಲ್‌ವರೆಗಿನ ಕಾಲ ಇದಕ್ಕೆ ಅತ್ಯುತ್ತಮ. ಮೇ ತಿಂಗಳ ಮಳೆ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಮಳೆಯ ದಿನಗಳಲ್ಲಿ ಎರಡು ಕಿಲೋಗೆ ಬದಲು ಒಂದೇ ಕಿಲೋ ಕಟ್ಟಿರಿ.

ಗುಣ ಪರೀಕ್ಷೆ

ನಿಮ್ಮ ಹಿಟ್ಟು ಸರಿಯಾಗಿದೆಯೇ ಎಂಬುದನ್ನು ಅಡಿಗೆಮನೆಯಲ್ಲಿಯೇ ತಿಳಿಯಬಹುದು. ಸಾಮಾನ್ಯ ರಾಗಿ ಹಿಟ್ಟಿನ ಗಟ್ಟಿ ಗಂಜಿ ಮಾಡಿ ಎರಡು ಬಟ್ಟಲಿಗೆ ಹಾಕಿರಿ. ಕುದಿ ಇಳಿದು, ಬೆರಳಿಡಲಾಗದಷ್ಟು ಬಿಸಿ ಇನ್ನೂ ಇರುವಾಗ ಒಂದು ಬಟ್ಟಲಿಗೆ ಒಂದು ಸಣ್ಣ ಚಮಚ ಮೊಳಕೆ ಹಿಟ್ಟು ಹಾಕಿ ಕಲಕಿ ಮುಚ್ಚಿಡಿ. ಹತ್ತು ನಿಮಿಷದಲ್ಲಿ ಆ ಗಂಜಿ ತೆಳ್ಳಗಾಗಿ ಹರಿಯಬೇಕು. ಗಟ್ಟಿಯಾಗಿಯೇ ಉಳಿದರೆ ಮೊಳಕೆ ಸಾಲದು, ಇಲ್ಲವೇ ಹುರಿದದ್ದು ಹೆಚ್ಚಾಯಿತು ಎಂದು ತಿಳಿಯಿರಿ. ನೆನೆಸಿದ ಗಂಟೆ, ಮೊಳಕೆಯ ಗಂಟೆ, ಒಣಗಿದ ದಿನ, ಕೊನೆಗೆ ಸಿಕ್ಕ ತೂಕ, ಈ ಪರೀಕ್ಷೆಯ ಫಲ ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ನಾಲ್ಕನೆಯ ಸಲದ ಹೊತ್ತಿಗೆ ನಿಮ್ಮ ಮನೆಗೆ ತಕ್ಕ ಕ್ರಮ ಕೈಗೂಡುತ್ತದೆ.

ಬಳಸುವ ರೀತಿ

ಹಿಟ್ಟನ್ನು ಕುದಿಯುವ ನೀರಿಗೆ ನೇರವಾಗಿ ಹಾಕಬಾರದು. ಕಿಣ್ವ ಕೂಡಲೇ ಸಾಯುತ್ತದೆ. ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ಕೊನೆಗೆ ಚೆನ್ನಾಗಿ ಕುದಿಸಿರಿ. ಕುದಿಸುವುದನ್ನು ಬಿಡಲೇಕೂಡದು, ಏಕೆಂದರೆ ಮೊಳಕೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳೂ ಬೆಳೆದಿರುತ್ತವೆ. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕು. ಆರು ತಿಂಗಳು ತುಂಬಿದ ಮೇಲೆ ತಾಯಿಯ ಹಾಲಿನೊಂದಿಗೆ, ಏಳು ಪಾಲು ಮೊಳಕೆ ರಾಗಿ ಹಿಟ್ಟಿಗೆ ಮೂರು ಪಾಲು ಮೊಳಕೆ ಹೆಸರುಕಾಳಿನ ಹಿಟ್ಟು ಬೆರೆಸಿ ಸರಿ ಮಾಡಿ ಕೊಡಬಹುದು. ದೊಡ್ಡವರಿಗೆ ಹಾಲು, ಬೆಲ್ಲ ಅಥವಾ ಮಜ್ಜಿಗೆ, ಉಪ್ಪು ಸೇರಿಸಿದರೆ ಒಳ್ಳೆಯ ಪಾನೀಯ. ಈ ಹಿಟ್ಟಿನಿಂದ ಮುದ್ದೆ ಕಟ್ಟಲು ಹೋಗಬೇಡಿ. ಅದು ಅಂಟಂಟಾಗಿ ನೀರೊಡೆಯುತ್ತದೆ.

ಎಚ್ಚರಿಕೆಯ ಮಾತು

ಬೂಷ್ಟು ಕಂಡ ಅಥವಾ ಮುಗ್ಗಲು ವಾಸನೆಯ ಮೊಳಕೆಯನ್ನು ತೊಳೆದು, ಹುರಿದು ಬಳಸುವುದು ಅಪಾಯ. ಬೂಷ್ಟಿನ ವಿಷ ಬೆಂಕಿಗೆ ಹೋಗುವುದಿಲ್ಲ. ದನಕ್ಕೂ ಕೋಳಿಗೂ ಹಾಕದೆ ಗೊಬ್ಬರದ ಗುಂಡಿಗೆ ಸೇರಿಸಿರಿ. ಇದೇ ವಿಧಾನವನ್ನು ಜೋಳಕ್ಕೆ ಅನುಸರಿಸಬೇಡಿ. ಎಳೆಯ ಜೋಳದ ಪೈರು ಮೇಯ್ದು ದನ ಸಾಯುವುದನ್ನು ನೀವು ಬಲ್ಲಿರಿ. ಅದೇ ಹೈಡ್ರೋಸಯನಿಕ್ ಆಮ್ಲ ಜೋಳದ ಮೊಳಕೆಯಲ್ಲಿಯೂ ಹುಟ್ಟುತ್ತದೆ.

ಮನೆಗೆ ಮಿಕ್ಕುದನ್ನು ಮಾರುವ ಉದ್ದೇಶವಿದ್ದರೆ ಆಹಾರ ಸುರಕ್ಷತಾ ನೋಂದಣಿ ಪಡೆಯತಕ್ಕದ್ದು. ಪೊಟ್ಟಣದ ಮೇಲೆ ‘ಶಿಶು ಆಹಾರ’ ಎಂದು ಮುದ್ರಿಸುವುದಕ್ಕೆ 1992ರ ಕಾಯಿದೆಯ ನಿರ್ಬಂಧಗಳಿವೆ ಎಂಬುದು ನೆನಪಿರಲಿ. ಹೆಚ್ಚಿನ ಸಲಹೆಗೆ ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ರೈತ ಬಾಂಧವರೇ, ರೈತ ಮಹಿಳೆಯರೇ, ಈ ಸುಗ್ಗಿಯಲ್ಲಿ ರಾಗಿಯನ್ನೆಲ್ಲ ಅಳೆದು ಕೊಡುವ ಮುನ್ನ ಒಂದು ಮೂಟೆಯನ್ನು ಇದಕ್ಕೆಂದು ಬೇರೆ ಇಡಿ. ಅದರಲ್ಲಿ ಎರಡೇ ಕಿಲೋ ತೆಗೆದು ಮೊದಲ ಗಂಟು ಕಟ್ಟಿ ನೋಡಿ. ಮೂಟೆಯ ಉಳಿದ ರಾಗಿ ಎಲ್ಲಿಯೂ ಹೋಗುವುದಿಲ್ಲ. ತಿಂಗಳಿಗೊಂದು ಗಂಟಿನಂತೆ ಮನೆಯ ಮಗುವಿನ ಬಟ್ಟಲಿಗೇ ಬರುತ್ತದೆ.