ಸವಾರರೂ ಸಂಸ್ಥೆಯೂ: ಬ್ರಿಟನ್ನಿನ ಸೈಕಲ್ ಕ್ರೀಡೆಯ ಒಂದು ಅಧ್ಯಾಯ

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಇಂಗ್ಲೆಂಡಿನ ಯಾವುದಾದರೊಂದು ಗ್ರಾಮಾಂತರ ರಸ್ತೆಯ ಮಗ್ಗುಲಲ್ಲಿ, ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿಯದ ಹೊತ್ತಿನಲ್ಲಿ ನಿಂತವನಿಗೆ, ಕೊರಳಿನಿಂದ ಕಾಲಿನವರೆಗೆ ಕಪ್ಪು ಉಡುಪು ತೊಟ್ಟ ಸವಾರನೊಬ್ಬನು ತಲೆ ತಗ್ಗಿಸಿ ಸೈಕಲ್ ತುಳಿಯುತ್ತ ಸಾಗುವುದೂ, ಆತನು ಕಣ್ಮರೆಯಾದ ಮೇಲೆ ಅದೇ ವೇಷದ ಮತ್ತೊಬ್ಬನು ಅದೇ ಮೌನದಲ್ಲಿ ಹಾದುಹೋಗುವುದೂ ಕಾಣುತ್ತಿತ್ತು. ಅದು ಸ್ಪರ್ಧೆಯೆಂದು ತಿಳಿಸುವ ಪತಾಕೆಯಾಗಲಿ, ಹುರಿದುಂಬಿಸುವ ಜನಸಂದಣಿಯಾಗಲಿ ಅಲ್ಲಿರಲಿಲ್ಲ. ಓಟದ ಮಾರ್ಗವನ್ನು ಊರಿನ ಹೆಸರಿನಿಂದ ಕರೆಯದೆ ಅಕ್ಷರ ಮತ್ತು ಅಂಕೆಗಳ ಸಂಕೇತದಿಂದ ಗುರುತಿಸುತ್ತಿದ್ದರು. ಸ್ಪರ್ಧಿಗಳ ಕೈಗೆ ಬರುವ ಪಟ್ಟಿಯ ಮೇಲೆ ‘ಖಾಸಗಿ ಮತ್ತು ಗೋಪ್ಯ’ ಎಂದು ಅಚ್ಚಾಗಿರುತ್ತಿತ್ತು. ಯಾರಿಗೂ ಕೇಡು ಬಗೆಯದ ಒಂದು ಕ್ರೀಡೆ, ತನ್ನ ಸ್ವದೇಶದಲ್ಲಿಯೇ ಅಜ್ಞಾತವಾಸದಲ್ಲಿತ್ತು.

ಈ ಅಜ್ಞಾತವಾಸವನ್ನು ವಿಧಿಸಿದ್ದು ಸರ್ಕಾರವಲ್ಲ, ಸೈಕಲ್ ಸವಾರರ ಹಿತರಕ್ಷಣೆಗೆಂದೇ ಹುಟ್ಟಿಕೊಂಡ ಸಂಸ್ಥೆ.

ಭಯದಿಂದ ಹುಟ್ಟಿದ ನಿಯಮ

1878ರಲ್ಲಿ ಬೈಸಿಕಲ್ ಯೂನಿಯನ್ ಎಂಬ ಹೆಸರಿನಿಂದ ಸ್ಥಾಪಿತವಾಗಿ, 1883ರಲ್ಲಿ ನ್ಯಾಷನಲ್ ಸೈಕ್ಲಿಸ್ಟ್ಸ್ ಯೂನಿಯನ್ ಎಂದು ನಾಮಾಂತರ ಹೊಂದಿದ ಆ ಸಂಸ್ಥೆಯ ಪ್ರಾರಂಭದ ಸೇವೆ ಸಾಮಾನ್ಯವಾದುದಲ್ಲ. ಸೈಕಲ್ಲನ್ನು ಕಂಡರೆ ಗಾಡಿ ಹೊಡೆಯುವವರು ಸಿಡುಕುತ್ತಿದ್ದ, ಪೋಲೀಸರು ತಡೆಯುತ್ತಿದ್ದ ಕಾಲವದು. 1888ರ ಶಾಸನವೊಂದು ಸೈಕಲ್ಲಿಗೆ ‘ವಾಹನ’ವೆಂಬ ಸ್ಥಾನವನ್ನು ಕೊಟ್ಟು ರಸ್ತೆಯ ಮೇಲಣ ಅದರ ಹಕ್ಕನ್ನು ಮಾನ್ಯಮಾಡಿತಾದರೂ, ಆ ಹಕ್ಕು ಎಂದು ಕೈತಪ್ಪುವುದೋ ಎಂಬ ಆತಂಕ ಸಂಸ್ಥೆಯ ಹಿರಿಯರನ್ನು ಬಿಡಲಿಲ್ಲ. ಸ್ಪರ್ಧಿಗಳು ಗುಂಪಾಗಿ ಧಾವಿಸಿ, ಕುದುರೆಗಳು ಬೆದರಿ, ಗಣ್ಯರು ದೂರಿತ್ತು, ಪಾರ್ಲಿಮೆಂಟು ಕೆರಳಿ ಸೈಕಲ್ಲನ್ನೇ ರಸ್ತೆಯಿಂದ ಹೊರದೂಡಿದರೆ ಗತಿಯೇನು? ಇಂತಹ ಚಿಂತೆಯಿಂದಲೇ 1890ರ ದಶಕದಲ್ಲಿ ಯೂನಿಯನ್ನು ಸಾರ್ವಜನಿಕ ರಸ್ತೆಗಳ ಮೇಲಣ ಪಂದ್ಯಗಳನ್ನು ನಿಷೇಧಿಸಿ, ಓಡುವವರು ವೆಲೊಡ್ರೋಮುಗಳಲ್ಲಿ ಓಡಲಿ ಎಂದು ವಿಧಿಸಿತು. ನಿಷೇಧಕ್ಕೆ ತಲೆಬಾಗಿಯೂ ರಸ್ತೆಯನ್ನು ಬಿಡಲೊಲ್ಲದ ಕೆಲವರು, ಎಫ್. ಟಿ. ಬಿಡ್‌ಲೇಕ್ ಎಂಬಾತನ ಮುಂದಾಳುತನದಲ್ಲಿ, ಒಬ್ಬೊಬ್ಬರನ್ನೇ ಅಂತರವಿಟ್ಟು ಬಿಟ್ಟು ಗಡಿಯಾರದೊಡನೆ ಸೆಣಸುವ ಟೈಮ್ ಟ್ರಯಲ್ ಪದ್ಧತಿಯನ್ನು ರೂಢಿಗೆ ತಂದರು. ಕಪ್ಪು ಉಡುಪೂ ನಸುಕಿನ ವೇಳೆಯೂ ಗೋಪ್ಯದ ಪಟ್ಟಿಯೂ ಬಂದದ್ದು ಹೀಗೆ.

ಆ ಕಾಲಕ್ಕೆ ಇದು ವಿವೇಕವೇ ಆಗಿತ್ತೆಂದು ಒಪ್ಪಬೇಕು. ಅನರ್ಥವಾದದ್ದು ಮುಂದೆ: ಕುದುರೆಗಾಡಿಗಳು ಹೋಗಿ ಮೋಟಾರುಗಳು ಬಂದವು, ಫ್ರಾನ್ಸ್, ಬೆಲ್ಜಿಯಂ, ಇಟಲಿಗಳಲ್ಲಿ ಊರಿಂದೂರಿಗೆ ನೂರಾರು ಸವಾರರು ಒಟ್ಟಾಗಿ ಹೊರಡುವ ಸ್ಪರ್ಧೆಗಳು ಜನತೆಯ ಉತ್ಸವಗಳೇ ಆದವು, ಆದರೆ ಲಂಡನ್ನಿನ ಸಮಿತಿಯಲ್ಲಿ ಮಾತ್ರ 1890ರ ಭಯವು, ಅದರ ಕಾರಣಗಳು ನಶಿಸಿದ ಮೇಲೆಯೂ, ಒಂದು ಪವಿತ್ರ ಸಂಪ್ರದಾಯದಂತೆ ಪೋಷಿತವಾಗುತ್ತಲೇ ಇದ್ದಿತು.

ಲಾಂಗೋಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ಗೆ

ಈ ಸಂಪ್ರದಾಯವನ್ನು ಪ್ರಶ್ನಿಸಿದವನು ವುಲ್ವರ್‌ಹ್ಯಾಂಪ್ಟನ್ ಪಟ್ಟಣದ, ಸೈಕಲ್ ಅಂಗಡಿಯ ಮನೆತನದಲ್ಲಿ 1909ರಲ್ಲಿ ಹುಟ್ಟಿದ ಪರ್ಸಿ ಸ್ಟ್ಯಾಲರ್ಡ್. 1933ರಿಂದ ಮೂರು ವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬ್ರಿಟನ್ನಿನ ಪರವಾಗಿ ಓಡಿ, 1934ರಲ್ಲಿ ಲೈಪ್ಸಿಗ್‌ನಲ್ಲಿ ಏಳನೆಯ ಸ್ಥಾನವನ್ನು ಪಡೆದಿದ್ದ ಆತನಿಗೆ, ಗುಂಪಿನ ನಡುವೆ ಚಕ್ರಕ್ಕೆ ಚಕ್ರ ತಾಗುವಂತೆ ಸಾಗುತ್ತ, ಎದುರಾಳಿಯ ಉಸಿರಿನ ಏರಿಳಿತವನ್ನು ಕೇಳಿ ಮುನ್ನುಗ್ಗುವ ಗಳಿಗೆಯನ್ನು ಅರಿಯುವ ವಿದ್ಯೆ ಏನೆಂಬುದು ಗೊತ್ತಿತ್ತು. ಒಂಟಿಯಾಗಿ ಗಡಿಯಾರದ ವಿರುದ್ಧ ಎಷ್ಟು ತುಳಿದರೂ ಆ ವಿದ್ಯೆ ಬಾರದೆಂಬುದೂ ಗೊತ್ತಿತ್ತು. ಮಹಾಯುದ್ಧ ಬಂದು, ಪೆಟ್ರೋಲಿನ ಅಭಾವದಿಂದ ರಸ್ತೆಗಳು ಬರಿದಾದಾಗ, ಮೋಟಾರುಗಳ ಅಡಚಣೆಯೆಂಬ ನೆಪವೂ ಇನ್ನು ಉಳಿಯಲಿಲ್ಲವೆಂದು ಬಗೆದು, 1941ರ ಡಿಸೆಂಬರಿನಲ್ಲಿ ಯೂನಿಯನ್ನಿಗೆ ಆತ ಪತ್ರ ಬರೆದ. ಒಪ್ಪಿಗೆ ದೊರೆಯಲಿಲ್ಲ.

ಆಗ ಆತ ಮಾಡಿದ ಕೆಲಸ ಸರಳವಾದುದು. ಯಾವ ಪೋಲೀಸರ ಹೆಸರು ಹೇಳಿ ಅರ್ಧ ಶತಮಾನದಿಂದ ಸವಾರರನ್ನು ಬೆದರಿಸಲಾಗುತ್ತಿತ್ತೋ, ಆ ಪೋಲೀಸರ ಬಳಿಗೇ ನೇರವಾಗಿ ಹೋಗಿ, ಸ್ಪರ್ಧೆಯ ಮಾರ್ಗವನ್ನು ತಿಳಿಸಿ, ಸಹಾಯವನ್ನು ಕೋರಿದ. ಅವರು ಸಮ್ಮತಿಸಿದರು. 1942ರ ಜೂನ್ 7ರ ಭಾನುವಾರ, ವೇಲ್ಸಿನ ಲಾಂಗೋಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ವರೆಗಿನ 59 ಮೈಲಿಗಳ ದಾರಿಯಲ್ಲಿ, ಮೂವತ್ತಕ್ಕೂ ಹೆಚ್ಚು ಸವಾರರು ಗುಪ್ತವಾಗಿ ಅಲ್ಲ, ಹಗಲಿನಲ್ಲಿ, ಒಟ್ಟಿಗೆ ಹೊರಟರು. ಗುರಿಯಲ್ಲಿ ಸಾವಿರಕ್ಕೂ ಮಿಕ್ಕು ಜನ ನೆರೆದಿದ್ದರು. ಜನರನ್ನು ಅಂಕೆಯಲ್ಲಿಡಲು ಪೋಲೀಸರೇ ನಿಂತಿದ್ದರು. ಕೊನೆಯ ವೇಗದೋಟದಲ್ಲಿ ಅದೇ ಊರಿನ ಆಲ್ಬರ್ಟ್ ಪ್ರೈಸ್ ಗೆದ್ದ. ಉಳಿತಾಯದ ಹಣವು ಸೈನಿಕರ ಸೌಕರ್ಯಕ್ಕಾಗಿ ಸ್ಥಳೀಯ ಪತ್ರಿಕೆಯೊಂದು ಏರ್ಪಡಿಸಿದ್ದ ನಿಧಿಗೆ ಸಂದಿತು. ಕುದುರೆ ಬೆದರಲಿಲ್ಲ, ಪಾರ್ಲಿಮೆಂಟು ಕೆರಳಲಿಲ್ಲ.

ಕೆರಳಿದ್ದು ಯೂನಿಯನ್ನು. ಸ್ಟ್ಯಾಲರ್ಡ್‌ನನ್ನೂ ಆ ಸ್ಪರ್ಧೆಯಲ್ಲಿ ಓಡಿದವರನ್ನೂ ಅನಿರ್ದಿಷ್ಟ ಕಾಲದವರೆಗೆ ಕ್ರೀಡೆಯಿಂದ ಹೊರಗಿಡಲಾಯಿತು. ರಾಜ್ಯಾಧಿಕಾರವು ಅಡ್ಡಿಯಿಲ್ಲವೆಂದ ಕಾರ್ಯವನ್ನು ಕ್ರೀಡೆಯ ಅಧಿಕಾರವು ಅಪರಾಧವೆಂದು ಘೋಷಿಸಿತು; ಕಾಯಲು ಕುಳಿತವರು ತಾವು ಕಾಯುತ್ತಿರುವುದು ಸವಾರನನ್ನೋ ತಮ್ಮ ನಿಯಮವನ್ನೋ ಎಂಬ ವಿವೇಚನೆಯನ್ನು ಕಳೆದುಕೊಂಡಿದ್ದರು.

ಲೀಗಿನ ಕಾಲ

ಹೊರದಬ್ಬಲ್ಪಟ್ಟವರು ಸುಮ್ಮನೆ ಕೂರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಬಕ್ಸ್‌ಟನ್‌ನಲ್ಲಿ ಸೇರಿ ಬ್ರಿಟಿಷ್ ಲೀಗ್ ಆಫ್ ರೇಸಿಂಗ್ ಸೈಕ್ಲಿಸ್ಟ್ಸ್ ಎಂಬ ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿದರು. ಮುಂದಿನ ಹದಿನೇಳು ವರ್ಷ ಬ್ರಿಟನ್ನಿನ ಸೈಕಲ್ ಲೋಕ ಇಬ್ಭಾಗವಾಯಿತು. ಯೌವನದುದ್ದಕ್ಕೂ ಜತೆಗೆ ಸವಾರಿ ಹೋದ ಗೆಳೆಯರು ಮುಖ ತಿರುಗಿಸಿ ಹಾದುಹೋಗುವಷ್ಟು ಆಳವಾದ ಬಿರುಕದು. ಲೀಗಿನವರು ಬಣ್ಣಬಣ್ಣದ ಅಂಗಿಗಳನ್ನು ತೊಟ್ಟು ಹಗಲಿನಲ್ಲಿ ಓಡಿದರು. ದಿನದ ದುಡಿಮೆ ಮುಗಿಸಿ ಬಂದು ಮಾರ್ಗಸೂಚಿಗಳನ್ನು ನೆಡುವವರು, ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವವರು, ಬಹುಮಾನದ ಹಣಕ್ಕಾಗಿ ಅಂಗಡಿಯಿಂದಂಗಡಿಗೆ ಅಲೆಯುವವರು, ಇಂಥ ಅನಾಮಿಕರ ಶ್ರಮದ ಮೇಲೆ ಲೀಗು ನಿಂತಿತು. 1945ರಲ್ಲಿ ಬ್ರೈಟನ್‌ನಿಂದ ಗ್ಲಾಸ್ಗೋವರೆಗೆ ಐದು ಹಂತಗಳ ಸ್ಪರ್ಧೆಯನ್ನು ನಡೆಸಿದ ಅವರ ಉತ್ಸಾಹವೇ ಬೆಳೆಯುತ್ತ 1951ರ ‘ಟೂರ್ ಆಫ್ ಬ್ರಿಟನ್’ ಆಯಿತು. ಅದನ್ನು ಗೆದ್ದ ಗ್ಲಾಸ್ಗೋದ ಇಯಾನ್ ಸ್ಟೀಲ್, ಮರುವರ್ಷವೇ ವಾರ್ಸಾ, ಬರ್ಲಿನ್, ಪ್ರಾಗ್ ನಗರಗಳನ್ನು ಬೆಸೆಯುವ ‘ಪೀಸ್ ರೇಸ್’ ಅನ್ನು ಗೆದ್ದು ಯೂರೋಪನ್ನೇ ಬೆರಗುಗೊಳಿಸಿದ. ತಂಡದ ಬಹುಮಾನವೂ ಬ್ರಿಟನ್ನಿಗೇ ಬಂದಿತು. 1955ರಲ್ಲಿ ಬ್ರಯನ್ ರಾಬಿನ್ಸನ್ ಮತ್ತು ಟೋನಿ ಹೋರ್ ಟೂರ್ ದ ಫ್ರಾನ್ಸ್‌ನ ಗುರಿಮುಟ್ಟಿದ ಮೊದಲ ಬ್ರಿಟಿಷರಾದರು.

1959ರಲ್ಲಿ ಯೂನಿಯನ್ನೂ ಲೀಗೂ ಬೆರೆತು ಬ್ರಿಟಿಷ್ ಸೈಕ್ಲಿಂಗ್ ಫೆಡರೇಷನ್ ಜನ್ಮತಾಳಿತು. ರಸ್ತೆಯ ಸ್ಪರ್ಧೆಗೆ ಮರುವರ್ಷ ಶಾಸನದ ನಿಯಮಾವಳಿಯೂ ದೊರೆಯಿತು. ಬಯಸಿದ್ದು ಸಿದ್ಧಿಸಿದರೂ ಸ್ಟ್ಯಾಲರ್ಡ್ ಸಂತುಷ್ಟನಾಗಲಿಲ್ಲ: ತಾನು ಕಟ್ಟಿದ ಲೀಗಿನೊಡನೆಯೇ ಆ ವೇಳೆಗೆ ಆತನಿಗೆ ಮನಸ್ತಾಪವಾಗಿತ್ತು, ಈ ವಿಲೀನವು ಆತನಿಗೆ ದ್ರೋಹವಾಗಿ ಕಂಡಿತು. ಮುಪ್ಪಿನಲ್ಲಿಯೂ ವಯಸ್ಸಾದ ಸವಾರರಿಗಾಗಿ ಮತ್ತೊಂದು ಲೀಗನ್ನು ಕಟ್ಟಿ, 2001ರಲ್ಲಿ ಆತ ತೀರಿಕೊಂಡ. ಆ ಹಠವನ್ನು ದೋಷವೆನ್ನುವವರಿದ್ದಾರೆ. ಆದರೆ ಸಮಾಧಾನಿಗಳಾದ ಸಾವಿರಾರು ಮಂದಿ ಐವತ್ತು ವರ್ಷಗಳಲ್ಲಿ ಅಲುಗಿಸಲಾಗದ ನಿಯಮವನ್ನು ಒಂದು ಭಾನುವಾರ ಅಲುಗಿಸಿದ್ದು ಆ ಹಠವೇ.

ಮುಗಿಯದ ಪ್ರಶ್ನೆ

ಕಾಲಾಂತರದಲ್ಲಿ ಆ ಫೆಡರೇಷನ್ ‘ಬ್ರಿಟಿಷ್ ಸೈಕ್ಲಿಂಗ್’ ಎಂಬ ಹೆಸರಿನಿಂದ ಸಂಪನ್ನವಾಯಿತು. ಒಲಿಂಪಿಕ್ ಪದಕಗಳು ಬಂದವು, 2012ರಲ್ಲಿ ಬ್ರಾಡ್ಲಿ ವಿಗಿನ್ಸ್ ಟೂರ್ ದ ಫ್ರಾನ್ಸ್ ಗೆದ್ದ. ಹೀಗಿದ್ದೂ, 2022ರ ಸೆಪ್ಟೆಂಬರಿನಲ್ಲಿ ರಾಣಿ ಎಲಿಜಬೆತ್ ಅವರ ಅಂತ್ಯಕ್ರಿಯೆಯ ವೇಳೆ ಯಾರೂ ಸೈಕಲ್ ತುಳಿಯದಿರುವುದು ಒಳ್ಳೆಯದೆಂದು ಸಂಸ್ಥೆ ಸೂಚಿಸಿದಾಗ, ಕೆಲಸಕ್ಕೆ ಹೋಗಲು ಸೈಕಲ್ಲನ್ನೇ ನಂಬಿದವರು ಸಹಿಸಲಿಲ್ಲ. ಸೂಚನೆಯನ್ನು ಹಿಂತೆಗೆದುಕೊಂಡು ಕ್ಷಮೆ ಕೇಳಬೇಕಾಯಿತು. ಅಕ್ಟೋಬರಿನಲ್ಲಿ ಶೆಲ್ ತೈಲ ಕಂಪನಿಯೊಡನೆ ದೀರ್ಘಾವಧಿಯ ಒಪ್ಪಂದ ಪ್ರಕಟವಾದಾಗ, ಪೆಟ್ರೋಲು ಬೇಡದ ವಾಹನದ ಸಂಸ್ಥೆಗೆ ಇದು ಸಲ್ಲದೆಂದು ಸದಸ್ಯತ್ವವನ್ನು ತ್ಯಜಿಸಿದವರುಂಟು. ಎರಡು ಸಂದರ್ಭಗಳಲ್ಲಿಯೂ ಸವಾರರು ಆಡಿದ ಮಾತಿನ ಸಾರವೊಂದೇ: ನಮ್ಮ ಹೆಸರಿನಲ್ಲಿ ಮಾತನಾಡುವ ಮುಂಚೆ ನಮ್ಮನ್ನು ಕೇಳಿರಿ.

ರಾಷ್ಟ್ರೀಯ ಸಂಸ್ಥೆಗಳು ಬೇಡವೆಂದು ಇದರ ಅರ್ಥವಲ್ಲ. ನಿಯಮವಿಲ್ಲದ ಸ್ಪರ್ಧೆ ಅಪಾಯಕಾರಿ, ಸಂಘಟನೆಯಿಲ್ಲದ ಪ್ರತಿಭೆ ಅನಾಥ. ಹೊಸ ಲೀಗು ಕಟ್ಟಿದವರೂ ಕಡೆಗೆ ಸಂಸ್ಥೆಯನ್ನೇ ಕಟ್ಟಿದರಲ್ಲವೆ? ಆದರೆ ಸಂಸ್ಥೆಯ ಅಧಿಕಾರವು ಸವಾರರು ವಿಶ್ವಾಸದಿಂದ ಒಪ್ಪಿಸಿದ ನ್ಯಾಸ. ಪದಕದ ಆಸೆಯಿಲ್ಲದೆ, ವಾರದ ದುಡಿಮೆಯ ನಡುವೆ ಒಂದು ಮುಂಜಾನೆಯನ್ನು ಉಳಿಸಿಕೊಂಡು ಗೆರೆಯ ಬಳಿ ಬಂದು ನಿಲ್ಲುವ ಸಾಮಾನ್ಯ ಸವಾರನೇ ಆ ನ್ಯಾಸದ ಒಡೆಯ. ಆತನ ಮಾತನ್ನು ಆಲಿಸಲು ಪ್ರತಿವರ್ಷ ಬಿಡುವು ಮಾಡಿಕೊಳ್ಳುವ ಸಂಸ್ಥೆಗೆ ಬಂಡಾಯದ ಭಯವಿರದು. ಆಲಿಸದ ಸಂಸ್ಥೆಗೆ ಇನ್ನೊಬ್ಬ ಸ್ಟ್ಯಾಲರ್ಡ್ ಹುಟ್ಟದಿರನು, ಹುಟ್ಟುವುದೇ ಕ್ರೀಡೆಗೆ ಶ್ರೇಯಸ್ಕರ.